ಚೌಕಿಯ ರಕ್ಕಸ ಕ್ಯಾಮರಾದ ಮುಂದೆ

ರಾಕ್ಷಸ ಹೇಗಿರುತ್ತಾನೆ? ಮೂವತ್ತು ನಲವತ್ತು ವರ್ಷಗಳ ಹಿಂದೆ ಮಂಗಳೂರಿನ ಶಾಲಾ ಮಕ್ಕಳನ್ನು ಹೀಗೆ ಕೇಳಿದ್ದರೆ ಬಹುಮಟ್ಟಿಗೆ ಒಂದೇ ಬಗೆಯ ಉತ್ತರ ಬರುತ್ತಿತ್ತು. ಕೆಂಪು ಕಪ್ಪು ಬಳಿದ ಮುಖ, ಅದರ ಅಂಚಿಗೆ ಬಿಳಿಯ ಮುಳ್ಳುಗಳು, ತಲೆಯ ಮೇಲೆ ಹೊರಲಾರದಷ್ಟು ದೊಡ್ಡ ಕಿರೀಟ, ಗದ್ದೆಯಾಚೆಯ ಮನೆಯಲ್ಲಿ ಮಲಗಿದವರನ್ನೂ ಎಬ್ಬಿಸುವಂತಹ ಬೊಬ್ಬೆ. ಆಟ ನೋಡುತ್ತಾ ನಿದ್ದೆಗೆ ಜಾರಿದ ಮಕ್ಕಳು ಚೆಂಡೆಯ ಪೆಟ್ಟಿಗೆ ಎದ್ದು, ಅಜ್ಜಿಯ ಸೆರಗಿನ ಮರೆಯಿಂದ ಇಣುಕಿ ನೋಡಿದ ರಾಕ್ಷಸ ಅವನು. ಇಂದು ಅದೇ ಪ್ರಶ್ನೆಗೆ ಸಿಗುವ ಉತ್ತರವೇ ಬೇರೆ. ಬೂದು ಬಣ್ಣದ ಚರ್ಮ, ಚೂಪು ಕಿವಿ, ಬಾಯಿಯಿಂದ ಹೊರಚಾಚಿದ ಕೋರೆ. ಆ ರಾಕ್ಷಸ ಹುಟ್ಟಿದ್ದು ಕಂಪ್ಯೂಟರಿನಲ್ಲಿ, ಅದೂ ಹೆಚ್ಚಾಗಿ ಪರದೇಶದ ಕಂಪ್ಯೂಟರಿನಲ್ಲಿ.

ಮನುಷ್ಯನಲ್ಲದ ಒಂದು ಜೀವಜಾತಿಯನ್ನು ಮನುಷ್ಯ ನಟನ ಮೈಮೇಲೆ ತರುವುದು ಹೇಗೆ ಎಂಬುದು ಸಿನಿಮಾದವರನ್ನು ಮೊದಲಿನಿಂದಲೂ ಕಾಡಿದ ಸಮಸ್ಯೆ. ಇದೇ ಸಮಸ್ಯೆಗೆ ಕರಾವಳಿಯ ಯಕ್ಷಗಾನ, ಅದರಲ್ಲೂ ತೆಂಕುತಿಟ್ಟು, ಸಿನಿಮಾ ಹುಟ್ಟುವ ಮೊದಲೇ ಉತ್ತರ ಕಂಡುಕೊಂಡಿತ್ತು. ಅದರ ಹೆಸರು ಬಣ್ಣದ ವೇಷ. ಹೀಗಿದ್ದೂ ಆ ಉತ್ತರವನ್ನು ಎತ್ತಿ ಕ್ಯಾಮರಾದ ಮುಂದೆ ಇಟ್ಟರೆ ಅದು ಅಲ್ಲಿ ಸಲ್ಲುವುದಿಲ್ಲ. ಏಕೆ ಸಲ್ಲುವುದಿಲ್ಲ, ಅದರಲ್ಲಿ ಯಾವುದು ಮಾತ್ರ ಸಲ್ಲುತ್ತದೆ ಎಂದು ವಿಚಾರಿಸುತ್ತಾ ಹೋದರೆ ಬೆಳಕು, ಕಣ್ಣು, ಲೋಲಕ ಹೀಗೆ ಪಠ್ಯಪುಸ್ತಕದ ಹಲವು ಪಾಠಗಳು ಅಲ್ಲಿಯೇ ಸಿಗುತ್ತವೆ.

ಇಪ್ಪತ್ತು ಮೀಟರ್ ದೂರದ ಮುಖ

ಬಣ್ಣದ ವೇಷಧಾರಿ ಚೌಕಿಯಲ್ಲಿ ಕನ್ನಡಿ ಹಿಡಿದು ಕುಳಿತರೆ ಏಳುವುದು ಎರಡು ಮೂರು ಗಂಟೆಗಳ ನಂತರವೇ. ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಕಲಸಿದ ಹಿಟ್ಟಿನಿಂದ ಮುಖದ ಮೇಲೆ ಒಂದೊಂದೇ ಮುಳ್ಳು ಎಬ್ಬಿಸಬೇಕು. ಇದಕ್ಕೆ ಚಿಟ್ಟಿ ಇಡುವುದು ಎನ್ನುತ್ತಾರೆ, ಚುಟ್ಟಿ ಎನ್ನುವವರೂ ಇದ್ದಾರೆ. ಒಂದು ಸಾಲು ಒಣಗಿದ ಮೇಲೆ ಇನ್ನೊಂದು ಸಾಲು. ಅವಸರ ಮಾಡಿದರೆ ಬಿರುಕು ಬಿಟ್ಟು ಉದುರುತ್ತದೆ. ರಾವಣನಂತಹ ಅರಸು ರಕ್ಕಸನಿಗೆ ರಾಜಬಣ್ಣ, ಕಾಡಿನಲ್ಲಿ ಅಲೆಯುವವರಿಗೆ ಕಾಟುಬಣ್ಣ, ಶೂರ್ಪನಖಿ ತಾಟಕಿಯರಿಗೆ ಹೆಣ್ಣುಬಣ್ಣ ಎಂದು ರಕ್ಕಸ ಕುಲದೊಳಗೇ ವಿಂಗಡಣೆಯಿದೆ. ಬಣ್ಣದ ಮಾಲಿಂಗ, ಚಂದ್ರಗಿರಿ ಅಂಬು ಮುಂತಾದವರು ಹೆಸರಾದದ್ದೇ ಈ ವೇಷಗಳಿಂದ. ಮಾಲಿಂಗರ ಹೆಸರಿನ ಹಿಂದೆಯೇ ಬಣ್ಣ ಅಂಟಿಕೊಂಡಿತು.

ಇಷ್ಟೊಂದು ಶ್ರಮ ಯಾಕೆ? ನಮ್ಮ ಕಣ್ಣಿನ ಶಕ್ತಿಗೆ ಒಂದು ಮಿತಿಯಿದೆ. ಒಂದು ಡಿಗ್ರಿ ಕೋನವನ್ನು 60 ಪಾಲು ಮಾಡಿದರೆ ಸಿಗುವ ಒಂದು ಪಾಲಿಗಿಂತ ಕಿರಿದಾದ ಅಂತರವನ್ನು ಆರೋಗ್ಯವಂತ ಕಣ್ಣೂ ಬೇರೆ ಬೇರೆಯಾಗಿ ಗುರುತಿಸಲಾರದು. ರಂಗಸ್ಥಳದಿಂದ 20 ಮೀಟರ್ ದೂರ ಕುಳಿತವನಿಗೆ ಇದು ಸುಮಾರು 6 ಮಿಲಿಮೀಟರ್‌ಗೆ ಸಮ. ಅಂದರೆ ಹುಬ್ಬಿನ ಸಣ್ಣ ಕೊಂಕು, ತುಟಿಯಂಚಿನ ನಗು ಅವನ ಪಾಲಿಗೆ ಇಲ್ಲವೇ ಇಲ್ಲ. ಅದೂ ಹಗಲಿನಂತಹ ಬೆಳಕಿದ್ದಾಗಿನ ಲೆಕ್ಕ. ದೊಂದಿಯ ಮಬ್ಬು ಬೆಳಕಿನಲ್ಲಿ ಕಣ್ಣಿನ ಶಕ್ತಿ ಇನ್ನೂ ಕುಗ್ಗುತ್ತದೆ. ಆದ್ದರಿಂದಲೇ ಬಣ್ಣದ ವೇಷದಲ್ಲಿ ಪ್ರತಿ ಗೆರೆಯೂ ಬೆರಳಗಲ. ಕೆಂಪಿನ ಪಕ್ಕ ಕಪ್ಪು, ಕಪ್ಪಿನ ಪಕ್ಕ ಬಿಳಿ.

ಬಣ್ಣಗಳ ಆಯ್ಕೆಗೂ ಕಾರಣವಿದೆ. ದೊಂದಿಯ ಉರಿಯಲ್ಲಿ ಕೆಂಪು ಹಳದಿಗಳ ಪಾಲು ಹೆಚ್ಚು, ನೀಲಿಯ ಪಾಲು ತೀರಾ ಕಡಿಮೆ. ಅಂತಹ ಬೆಳಕಿನಲ್ಲಿ ನೀಲಿ ಬಳಿದ ಮುಖ ಕಪ್ಪಿಟ್ಟು ಸತ್ತಂತೆ ಕಾಣುತ್ತದೆ, ಕೆಂಪು ಮುಖ ಕೆಂಡದಂತೆ ಉರಿಯುತ್ತದೆ. ಹಿಂದಿನವರು ಬಳಸುತ್ತಿದ್ದ ಇಂಗಲೀಕ ಪಾದರಸದ ಸಂಯುಕ್ತ, ಅರದಾಳ ಆರ್ಸೆನಿಕ್ಕಿನ ಸಂಯುಕ್ತ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಕಣ್ಣಿಗೆ ಹಬ್ಬವಾದದ್ದೆಲ್ಲ ಚರ್ಮಕ್ಕೆ ಹಿತವಲ್ಲ.

ಕಟೀಲು ಮೇಳದ ದೇವಿ ಮಹಾತ್ಮೆ ಆಟದಲ್ಲಿ ಮಹಿಷಾಸುರ ಬರುವ ರೀತಿ ಬಲ್ಲವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ. ಅವನು ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವುದಿಲ್ಲ. ಪ್ರೇಕ್ಷಕರ ಹಿಂದಿನಿಂದ, ಕೋಣದ ಕೊಂಬು ಹೊತ್ತು, ಎರಡೂ ಕಡೆ ದೊಂದಿ ಹಿಡಿದವರ ನಡುವೆ ಜನರ ಮಧ್ಯದಿಂದಲೇ ಬರುತ್ತಾನೆ. ದೊಂದಿಗೆ ರಾಳದ ಹುಡಿ ಎರಚಿದಾಗ ಭಗ್ಗನೆ ಬೆಂಕಿಯ ಮುದ್ದೆ ಏಳುತ್ತದೆ. ಗಟ್ಟಿ ರಾಳದ ಉಂಡೆ ಮೆಲ್ಲಗೆ ಉರಿಯುವಂಥದ್ದು. ಅದನ್ನೇ ಹುಡಿ ಮಾಡಿದರೆ ಗಾಳಿಗೆ ಒಡ್ಡಿಕೊಳ್ಳುವ ಮೇಲ್ಮೈ ಸಾವಿರ ಪಟ್ಟು ಹೆಚ್ಚಿ ಕ್ಷಣದಲ್ಲಿ ಉರಿದುಹೋಗುತ್ತದೆ. ಆ ಒಂದು ಕ್ಷಣ ಮುಖ ಕಾಣುತ್ತದೆ, ಮರುಕ್ಷಣ ಕತ್ತಲು. ಉಳಿದದ್ದನ್ನು ನೋಡುವವನ ಮನಸ್ಸೇ ತುಂಬಿಕೊಳ್ಳುತ್ತದೆ. ಮನಸ್ಸು ತುಂಬಿಕೊಂಡ ರಾಕ್ಷಸನಿಗಿಂತ ಭಯಂಕರನಾದವನನ್ನು ಯಾವ ಕಲಾವಿದನೂ ಬರೆಯಲಾರ.

ಹತ್ತಿರ ಬಂದ ಕಂಟಕ

ಇದೇ ವೇಷವನ್ನು ಸಿನಿಮಾ ಕ್ಯಾಮರಾದ ಮುಂದೆ ನಿಲ್ಲಿಸಿದರೆ ಏನಾಗುತ್ತದೆ? ಕ್ಲೋಸಪ್ ಎಂಬುದು ಮುಖವನ್ನು ಬೆಳ್ಳಿತೆರೆಯ ಮೇಲೆ 25 ಪಟ್ಟು ದೊಡ್ಡದು ಮಾಡಿದೆ ಎಂದಿಟ್ಟುಕೊಳ್ಳಿ. ತೆರೆಯಿಂದ 15 ಮೀಟರ್ ದೂರ ಕುಳಿತವನಿಗೆ ಆ ಮುಖವನ್ನು 60 ಸೆಂಟಿಮೀಟರ್ ದೂರದಿಂದ, ಅಂದರೆ ಎರಡು ಅಡಿ ಎದುರಿನಿಂದ ನೋಡಿದಂತಾಗುತ್ತದೆ. ರಾಕ್ಷಸನನ್ನು ಎರಡು ಅಡಿ ದೂರದಿಂದ ನೋಡಿದರೆ ಕಾಣುವುದು ರಾಕ್ಷಸನಲ್ಲ, ಒಣಗಿದ ಅಕ್ಕಿಹಿಟ್ಟು. ಬೆವರಿನ ಹನಿ, ಬಣ್ಣದ ಬಿರುಕು, ಕಿವಿಯ ಹಿಂದೆ ಬಣ್ಣ ತಾಗದೆ ಉಳಿದ ಚರ್ಮ ಎಲ್ಲವೂ ಎದ್ದು ಕಾಣುತ್ತವೆ.

ಮೂಕಿ ಚಿತ್ರಗಳ ಕಾಲದಲ್ಲಿ ಇನ್ನೊಂದು ತೊಡಕಿತ್ತು. ಆಗ ಬಹುವಾಗಿ ಬಳಕೆಯಲ್ಲಿದ್ದ ಫಿಲಂ ಕೆಂಪು ಬೆಳಕಿಗೆ ಸ್ಪಂದಿಸುತ್ತಿರಲಿಲ್ಲ. ಕೆಂಪು ತುಟಿ ಅದರಲ್ಲಿ ಕಪ್ಪಾಗಿ ಮೂಡುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಿಲಂ ವ್ಯಾಪಕವಾಗಿ ಬಂದದ್ದು 1920ರ ದಶಕದ ಕೊನೆಯಲ್ಲಿ. ಹಳೆಯ ಫಿಲಂನಲ್ಲಿ ಬಣ್ಣದ ವೇಷವನ್ನು ಹಿಡಿದಿದ್ದರೆ ಕೆಂಪು ಕಪ್ಪುಗಳ ಭೇದವೇ ಅಳಿಸಿ, ಇದ್ದಿಲಿನ ಮೇಲೆ ಸುಣ್ಣದ ಚುಕ್ಕೆ ಇಟ್ಟಂತೆ ಕಾಣುತ್ತಿತ್ತು. ಕರಾವಳಿಯವರಿಗೆ ಸಿನಿಮಾದ ಗೀಳು ಆಗಲೇ ಹತ್ತಿತ್ತು ಎಂಬುದೂ ನೆನಪಿರಲಿ. ಯಕ್ಷಗಾನಕ್ಕೆ ಮುಂದೆ ಬದುಕಿನ ಬಹುಪಾಲನ್ನು ಕೊಟ್ಟ ಕೋಟ ಶಿವರಾಮ ಕಾರಂತರು 1930ರ ಆಸುಪಾಸಿನಲ್ಲಿ 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳನ್ನು ಮಾಡಿದ್ದರು.

ಹಾಲಿವುಡ್ಡಿನಲ್ಲಿಯೂ ಮೊದಮೊದಲು ರಂಗಭೂಮಿಯ ದಾರಿಯನ್ನೇ ಹಿಡಿದು ಪೆಟ್ಟು ತಿಂದರು. 1938ರಲ್ಲಿ 'ವಿಜರ್ಡ್ ಆಫ್ ಓಜ್' ಚಿತ್ರೀಕರಣದ ವೇಳೆ ತಗಡಿನ ಮನುಷ್ಯನ ಪಾತ್ರಕ್ಕೆ ಬಡ್ಡಿ ಎಬ್ಸನ್ ಎಂಬ ನಟನ ಮುಖಕ್ಕೆ ಅಲ್ಯೂಮಿನಿಯಂ ಹುಡಿ ಬಳಿಯಲಾಗಿತ್ತು. ಆ ಹುಡಿ ಶ್ವಾಸಕೋಶಕ್ಕೆ ಹೋಗಿ ಆತ ಆಸ್ಪತ್ರೆ ಸೇರಬೇಕಾಯಿತು, ಪಾತ್ರ ಬೇರೊಬ್ಬರ ಪಾಲಾಯಿತು. ನವರಾತ್ರಿಗೆ ಮಕ್ಕಳಿಗೆ ಹುಲಿವೇಷ ಹಾಕಿಸುವ ತಂದೆತಾಯಂದಿರು ಈ ಸಂಗತಿಯನ್ನು ಮರೆಯಬಾರದು. ಕಬ್ಬಿಣದ ಗೇಟಿಗೆ ಬಳಿಯಲೆಂದು ತಯಾರಿಸಿದ ಬಣ್ಣ ಎಳೆಯ ಚರ್ಮಕ್ಕಲ್ಲ.

1968ರಲ್ಲಿ ಬಂದ 'ಪ್ಲಾನೆಟ್ ಆಫ್ ದಿ ಏಪ್ಸ್' ಚಿತ್ರದಲ್ಲಿ ಜಾನ್ ಚೇಂಬರ್ಸ್ ಎಂಬ ಪ್ರಸಾಧನ ತಜ್ಞ ಹೊಸ ಹಾದಿ ತೋರಿಸಿದ. ಮುಖವಾಡದ ಬದಲು ರಬ್ಬರಿನ ನೊರೆಯಿಂದ ಮಾಡಿದ ಮೆದುವಾದ ತುಂಡುಗಳನ್ನು ನಟನ ಮೂಗು, ಹಣೆ, ಗಲ್ಲಗಳಿಗೆ ಬೇರೆ ಬೇರೆಯಾಗಿ ಅಂಟಿಸಿದ. ಒಳಗಿನ ಸ್ನಾಯು ಅಲುಗಿದರೆ ಹೊರಗಿನ ವಾನರ ಮುಖವೂ ಅಲುಗಬೇಕು. ಆದರೂ ರಬ್ಬರಿನ ದಪ್ಪಕ್ಕೆ ಭಾವನೆ ಹೂತುಹೋಗಬಾರದೆಂದು ನಟರು ಸುಮ್ಮನಿರುವಾಗಲೂ ಮೂಗು ತುಟಿಗಳನ್ನು ಅಲುಗಿಸುತ್ತಲೇ ಇರಬೇಕಾಗಿತ್ತು. ಆ ಚಿತ್ರವನ್ನು ಗೆಲ್ಲಿಸಿದ್ದು ರಬ್ಬರಿಗಿಂತ ಹೆಚ್ಚಾಗಿ ಅದರ ನಡುವೆ ಉಳಿದ ಮನುಷ್ಯನ ಕಣ್ಣುಗಳು.

ಮುಂದೆ ಕಂಪ್ಯೂಟರ್ ಬಂತು. 2002ರ 'ದಿ ಟೂ ಟವರ್ಸ್' ಚಿತ್ರದ ಗೊಲ್ಲಮ್‌ನ ಮೈ ಸಂಪೂರ್ಣ ಕಂಪ್ಯೂಟರಿನದು, ನಡೆನುಡಿ ಆಂಡಿ ಸರ್ಕಿಸ್ ಎಂಬ ನಟನದು. 2009ರ 'ಅವತಾರ್' ಚಿತ್ರದಲ್ಲಿ ನಟರ ತಲೆಗೆ ಪುಟ್ಟ ಕ್ಯಾಮರಾ ಕಟ್ಟಿ, ಮುಖದ ಒಂದೊಂದು ಚಲನೆಯನ್ನೂ ದಾಖಲಿಸಿ ನೀಲಿ ಮೈಯ, ಬಾಲವುಳ್ಳ ನಾವಿ ಜನಾಂಗದ ಮುಖಗಳಿಗೆ ವರ್ಗಾಯಿಸಿದರು. ಇಷ್ಟು ಕೈಗೆ ಬಂದ ಮೇಲೂ ಒಂದು ಅಪಾಯ ಉಳಿಯಿತು. ಜಪಾನಿನ ಮಸಾಹಿರೊ ಮೋರಿ ಎಂಬ ಯಂತ್ರಮಾನವ ತಜ್ಞ 1970ರಲ್ಲಿಯೇ ಇದನ್ನು ಹೇಳಿದ್ದ. ಗೊಂಬೆ ಮನುಷ್ಯನನ್ನು ಹೋಲುತ್ತಾ ಹೋದಂತೆ ನಮಗೆ ಇಷ್ಟವಾಗುತ್ತಾ ಹೋಗುತ್ತದೆ. ಆದರೆ ಬಹುಪಾಲು ಹೋಲುತ್ತದೆ, ಎಲ್ಲೋ ಚೂರು ತಪ್ಪಿದೆ ಎನ್ನುವ ಹಂತದಲ್ಲಿ ಇಷ್ಟ ಹೋಗಿ ಒಮ್ಮೆಲೇ ಹೇಸಿಗೆ ಹುಟ್ಟುತ್ತದೆ. ಇದನ್ನು ಆತ ಕಣಿವೆ ಎಂದು ಕರೆದ. ಬಣ್ಣದ ವೇಷ ಈ ಕಣಿವೆಯ ಹತ್ತಿರವೂ ಸುಳಿಯುವುದಿಲ್ಲ. ಮನುಷ್ಯನನ್ನು ಹೋಲುವ ಹಂಬಲವೇ ಅದಕ್ಕಿಲ್ಲ.

ಮಾಯಾಬಜಾರಿನ ಉಪಾಯ

ದಕ್ಷಿಣದ ಪೌರಾಣಿಕ ಚಿತ್ರಗಳು ಹಿಡಿದದ್ದು ಮೂರನೆಯ ದಾರಿ. 1957ರಲ್ಲಿ ಕೆ.ವಿ. ರೆಡ್ಡಿ ನಿರ್ದೇಶಿಸಿದ 'ಮಾಯಾಬಜಾರ್' ಚಿತ್ರದಲ್ಲಿ ಘಟೋತ್ಕಚನಾದ ಎಸ್.ವಿ. ರಂಗರಾವ್ ಅವರ ಮುಖಕ್ಕೆ ಮುಳ್ಳಿಲ್ಲ, ರಬ್ಬರಿಲ್ಲ. ದಪ್ಪ ಮೀಸೆ, ಕಿರೀಟ, ಗದೆ ಇಷ್ಟೇ. ಲಡ್ಡುಗಳು ತಾವಾಗಿ ಹಾರಿ ಬಾಯಿಗೆ ಬೀಳುವ ಛಾಯಾಗ್ರಹಣದ ಚಮತ್ಕಾರ ಮಾರ್ಕಸ್ ಬಾರ್ಟ್ಲೆ ಅವರದು. ಆದರೆ ಆ ಚಿತ್ರದ ನಿಜವಾದ ಚಮತ್ಕಾರ ಇರುವುದು ಸಾವಿತ್ರಿಯವರ ಅಭಿನಯದಲ್ಲಿ. ಘಟೋತ್ಕಚ ಶಶಿರೇಖೆಯ ರೂಪ ತಾಳಿ ಮದುವೆ ಮಂಟಪಕ್ಕೆ ಬರುತ್ತಾನೆ. ತೆರೆಯ ಮೇಲೆ ಇರುವುದು ಸುಕುಮಾರಿ ಮದುಮಗಳು. ಯಾರೂ ನೋಡದಾಗ ಅವಳ ಭುಜ ಅಗಲವಾಗುತ್ತದೆ, ಹೆಜ್ಜೆ ಭಾರವಾಗುತ್ತದೆ, ಮದುಮಗನ ಪಾದವನ್ನು ತನ್ನ ಪಾದದಡಿ ಅರೆಯುತ್ತಾಳೆ. ಬಣ್ಣದ ಒಂದು ಗೆರೆಯೂ ಇಲ್ಲದೆ ರಕ್ಕಸ ಎದುರಿಗೆ ನಿಲ್ಲುತ್ತಾನೆ.

ಕನ್ನಡದಲ್ಲಿ ರಾಜ್‌ಕುಮಾರ್ 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಮಹಿಷಾಸುರ, 1983ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪು. ಎರಡನೆಯದರಲ್ಲಿ ಮಗನಾಗಿ ನಟಿಸಿದ್ದು ಅವರ ಮಗ, ಮುಂದೆ ಪುನೀತ್ ಎಂದು ಹೆಸರಾದ ಬಾಲಕ. ಅಲ್ಲಿ ರಕ್ಕಸತನ ಇರುವುದು ನಟನ ಕಂಠದಲ್ಲಿ, ಎದೆ ಮುಂದೆ ಮಾಡಿ ನಡೆಯುವ ಠೀವಿಯಲ್ಲಿ. ನಾಟಕ ಕಂಪೆನಿಯಿಂದ ಬಂದ ಈ ಬಂಡವಾಳ ಕ್ಲೋಸಪ್ಪಿನಲ್ಲಿಯೂ ಕರಗಲಿಲ್ಲ. ಒಂದು ಕೊರತೆಯೂ ಇತ್ತು. ಈ ಚಿತ್ರಗಳಲ್ಲಿ ರಾಕ್ಷಸ ಎಂದರೆ ಕೆಟ್ಟ ಮನಸ್ಸಿನ ಅರಸ, ಅಷ್ಟೇ. ಬೇರೊಂದು ಕುಲದವನು, ಬೇರೊಂದು ಮೈಯುಳ್ಳವನು ಎಂಬ ಬೆರಗು ಅಲ್ಲಿರಲಿಲ್ಲ. ಗಿರೀಶ್ ಕಾಸರವಳ್ಳಿಯವರು 1988ರಲ್ಲಿ ಮಾಡಿದ 'ಬಣ್ಣದ ವೇಷ' ಯಕ್ಷಗಾನದ ಒಳಗೇ ಕಾಲಿಟ್ಟ ಚಿತ್ರ. ಅದರ ಕಾಳಜಿ ಮಾತ್ರ ವೇಷದೊಳಗಿನ ಕಲಾವಿದನ ಬಗ್ಗೆ.

ದೊಡ್ಡವನ ಹೆಜ್ಜೆ ನಿಧಾನ

ರಂಗಸ್ಥಳದಿಂದ ಸಿನಿಮಾದವರು ಧಾರಾಳವಾಗಿ ಎತ್ತಿಕೊಳ್ಳಬಹುದಾದ ವಿದ್ಯೆ ಯಾವುದೆಂದರೆ ನಡಿಗೆ. ಪುಂಡುವೇಷ ರಂಗಕ್ಕೆ ಬಂದರೆ ಬುಗುರಿಯಂತೆ ಧೀಂಗಿಣ ಹಾಕುತ್ತದೆ. ಬಣ್ಣದ ವೇಷಕ್ಕೆ ಸಾಮಾನ್ಯವಾಗಿ ಅದಿಲ್ಲ. ಅದರ ಹೆಜ್ಜೆ ವಿಳಂಬದ್ದು, ಭಾರದ್ದು. ವೇಷದ ತೂಕ ಇದಕ್ಕೆ ಒಂದು ಕಾರಣ ಇರಬಹುದು. ಅದಕ್ಕಿಂತ ಸೊಗಸಾದ ಕಾರಣ ಭೌತಶಾಸ್ತ್ರದಲ್ಲಿದೆ.

ನಡೆಯುವಾಗ ಕಾಲು ಸೊಂಟದಿಂದ ತೂಗುವ ಲೋಲಕದಂತೆ ಹಿಂದೆ ಮುಂದೆ ಆಡುತ್ತದೆ. ಲೋಲಕದ ಆಂದೋಲನ ಅವಧಿ ಉದ್ದದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಕಾಲಿನ ಉದ್ದ ನಾಲ್ಕು ಪಟ್ಟು ಆದರೆ ಒಂದು ಹೆಜ್ಜೆಗೆ ಬೇಕಾದ ಸಮಯ ಎರಡು ಪಟ್ಟು. ಆಡಿನ ಮರಿಯ ಕಾಲು ಟಕಟಕನೆ ಬೀಳುತ್ತದೆ, ಜಾತ್ರೆಯ ಆನೆ ಹೆಜ್ಜೆ ಹೆಜ್ಜೆಗೂ ಯೋಚಿಸಿದಂತೆ ನಡೆಯುತ್ತದೆ. ಚಿಕ್ಕಂದಿನಿಂದ ಇದನ್ನು ನೋಡಿದ ಕಣ್ಣು, ನಿಧಾನವಾಗಿ ನಡೆಯುವುದನ್ನೆಲ್ಲ ದೊಡ್ಡದು ಎಂದು ತಾನಾಗಿ ಲೆಕ್ಕ ಹಾಕುತ್ತದೆ. ಐದೂವರೆ ಅಡಿಯ ಕಲಾವಿದ ಕುಂಭಕರ್ಣನಾಗಿ ಬೆಳೆದು ಕಾಣಲು ಕಿರೀಟದ ಎತ್ತರದಷ್ಟೇ ಈ ವಿಳಂಬವೂ ಕಾರಣ. ಸೂತ್ರ ಕಲಿಯದ ಹಿರಿಯ ವೇಷಧಾರಿಗಳು ಇದನ್ನು ಕಾಲಲ್ಲಿ ಬಲ್ಲವರಾಗಿದ್ದರು.

ಸಿನಿಮಾದವರೂ ಇದೇ ವರ್ಗಮೂಲದ ನಿಯಮವನ್ನು ಅವಲಂಬಿಸಿದ್ದಾರೆ. ಅರಮನೆಯ ನಾಲ್ಕನೆಯ ಒಂದು ಅಳತೆಯ ಮಾದರಿ ಕಟ್ಟಿ ಅದನ್ನು ಕೆಡವುವ ದೃಶ್ಯವನ್ನು ಸೆಕೆಂಡಿಗೆ 24 ಚಿತ್ರಗಳ ಬದಲು 48ರಂತೆ ಹಿಡಿಯುತ್ತಾರೆ. ಅದನ್ನು ಮಾಮೂಲು ವೇಗದಲ್ಲಿ ತೋರಿಸಿದಾಗ ಕಲ್ಲುಗಳು ನಿಧಾನವಾಗಿ ಉರುಳಿ ಅರಮನೆ ನಿಜವಾದ ಗಾತ್ರದ್ದು ಎನಿಸುತ್ತದೆ. ಕಂಪ್ಯೂಟರಿನಲ್ಲಿ ಮಾಡಿದ ಎಷ್ಟೋ ದೈತ್ಯರು ಹಗುರ ಎನಿಸುವುದು ಈ ಎಚ್ಚರ ತಪ್ಪಿದಾಗ. ಮೂವತ್ತು ಅಡಿಯ ರಾಕ್ಷಸ ಕ್ರಿಕೆಟ್ ಆಟಗಾರನಂತೆ ಓಡಿದರೆ ಚರ್ಮದ ರಂಧ್ರ ಕಾಣುವಷ್ಟು ಸೂಕ್ಷ್ಮವಾಗಿ ಬರೆದಿದ್ದರೂ ನೋಡುವವನಿಗೆ ನಂಬಿಕೆ ಹುಟ್ಟದು.

ಇನ್ನೊಂದು ವಿದ್ಯೆ ತೆರೆಯದು. ಇಬ್ಬರು ಬಟ್ಟೆಯ ತೆರೆ ಹಿಡಿದು ನಿಲ್ಲುತ್ತಾರೆ. ಹಿಂದಿನಿಂದ ಅಟ್ಟಹಾಸ ಕೇಳುತ್ತದೆ, ಕಿರೀಟದ ತುದಿ ಕಾಣುತ್ತದೆ, ತೆರೆಯಂಚನ್ನು ಕೈ ಹಿಡಿಯುತ್ತದೆ, ಕಣ್ಣು ಇಣುಕುತ್ತದೆ. ಪೂರ್ಣ ಮುಖ ಕಾಣುವ ಹೊತ್ತಿಗೆ ಪ್ರೇಕ್ಷಕ ಅರ್ಧ ಹೆದರಿ ಆಗಿರುತ್ತದೆ. ಜಗತ್ತಿನ ಒಳ್ಳೆಯ ಭಯಾನಕ ಚಿತ್ರಗಳೆಲ್ಲ ಹೀಗೆಯೇ ಅಡಗಿಸಿ ತೋರಿಸುತ್ತವೆ. ಕಾಲಮಿತಿಯ ಪ್ರಯೋಗಗಳಲ್ಲಿ ಮೊದಲು ಕತ್ತರಿ ಬೀಳುವುದು ಇಂತಹ ಒಡ್ಡೋಲಗಕ್ಕೇ ಎಂಬುದು ಖೇದದ ಸಂಗತಿ.

ಕಡ ತಂದ ಮುಖ

2022ರ ಅಕ್ಟೋಬರಿನಲ್ಲಿ ಓಂ ರಾವುತ್ ನಿರ್ದೇಶನದ 'ಆದಿಪುರುಷ್' ಚಿತ್ರದ ತುಣುಕು ಹೊರಬಂದಾಗ ದೇಶದಾದ್ಯಂತ ಅಸಮಾಧಾನ ವ್ಯಕ್ತವಾಯಿತು. ಸೈಫ್ ಅಲಿ ಖಾನ್ ಅವರ ರಾವಣನ ರೂಪ ನಮ್ಮದಲ್ಲ ಎಂದರು, ಗ್ರಾಫಿಕ್ಸ್ ಕಳಪೆ ಎಂದರು. 2023ರ ಜನವರಿಯಲ್ಲಿ ಬರಬೇಕಿದ್ದ ಚಿತ್ರ ಗ್ರಾಫಿಕ್ಸ್ ತಿದ್ದಿಕೊಂಡು ಜೂನ್ 16ರಂದು ಬಂತು. ಆಮೇಲೂ ದೂರು ನಿಲ್ಲಲಿಲ್ಲ. ಲಂಕೆಯ ಸೇನೆ ಇಂಗ್ಲಿಷ್ ಚಿತ್ರಗಳ ಒರ್ಕ್ ಪಡೆಯಂತಿದೆ ಎಂಬುದು ಅದರಲ್ಲೊಂದು.

ಹಣದ ಕೊರತೆ ಅಲ್ಲಿರಲಿಲ್ಲ. ಪ್ರಾಯಶಃ ಇದ್ದ ಕೊರತೆ ನೋಟದ್ದು. ಒರ್ಕ್ ಎಂಬ ಜಾತಿ ಟೋಲ್ಕಿನ್ ಎಂಬ ಇಂಗ್ಲಿಷ್ ಪ್ರೊಫೆಸರರ ಕಾದಂಬರಿಗಳದು. ಅದು ಕುರೂಪಿ, ಕೊಳಕು, ಸಂಗೀತವಿಲ್ಲದ್ದು. ಯಕ್ಷಗಾನದ ರಾವಣ ಭಯಂಕರ, ಆದರೆ ಕೊಳಕನಲ್ಲ. ಅವನ ವೇಷದಲ್ಲಿ ಸಮಮಿತಿಯಿದೆ, ಅರಸೊತ್ತಿಗೆಯ ಆಭರಣವಿದೆ, ಅವನಿಗೂ ಭಾಗವತರು ರಾಗ ತಾಳದಲ್ಲಿ ಪದ ಹಾಡುತ್ತಾರೆ, ಅರ್ಥಗಾರಿಕೆಯಲ್ಲಿ ಅವನ ವಾದಕ್ಕೂ ನ್ಯಾಯ ಸಿಗುತ್ತದೆ. ಹೆದರಿಕೆ ಮತ್ತು ಗೌರವ ಎರಡನ್ನೂ ಒಟ್ಟಿಗೆ ಹುಟ್ಟಿಸುವುದು ಸುಲಭದ ಕೆಲಸವಲ್ಲ. ಅಂತಹ ರಕ್ಕಸನನ್ನು ಮನೆಯಲ್ಲಿಟ್ಟುಕೊಂಡು ಹೊರಗಿನಿಂದ ಕಡ ತರುವುದು ಬಾವಿಯಿದ್ದವನು ಬಾಟಲಿ ನೀರಿಗೆ ಹೋದಂತೆ.

ದೈವದ ಮಾತು ಬೇರೆ

ಈ ವಿಷಯ ಬಂದಾಗ 2022ರ ಸೆಪ್ಟೆಂಬರ್ 30ರಂದು ತೆರೆಕಂಡ ರಿಷಬ್ ಶೆಟ್ಟಿಯವರ 'ಕಾಂತಾರ'ದ ಹೆಸರೆತ್ತದೆ ಇರುವಂತಿಲ್ಲ. ಅದರಲ್ಲಿರುವುದು ರಾಕ್ಷಸರಲ್ಲ, ಪಂಜುರ್ಲಿ, ಗುಳಿಗ ಎಂಬ ದೈವಗಳು. ತುಳುನಾಡಿನವರಿಗೆ ಈ ಭೇದ ಹೇಳಿಕೊಡಬೇಕಿಲ್ಲವಾದರೂ ಹೊರಗಿನವರಿಗೆ ಹೇಳಲೇಬೇಕು. ಯಕ್ಷಗಾನದ ವೇಷ ಕಲೆ, ಅದನ್ನು ಯಾವ ಶಾಲೆಯ ವಾರ್ಷಿಕೋತ್ಸವದಲ್ಲಿಯೂ ಕಟ್ಟಬಹುದು. ಕೋಲ ಆರಾಧನೆ. ಪಂಬದ, ಪರವ, ನಲಿಕೆ ಸಮುದಾಯದವರು ತಲೆತಲಾಂತರದಿಂದ ವ್ರತದಂತೆ ನಡೆಸಿಕೊಂಡು ಬಂದದ್ದು. 2025ರ ಅಕ್ಟೋಬರ್ 2ರಂದು 'ಕಾಂತಾರ ಅಧ್ಯಾಯ 1' ಬಿಡುಗಡೆಯಾದಾಗ ಕೆಲವರು ದೈವದಂತೆ ವೇಷ ಹಾಕಿ ಚಿತ್ರಮಂದಿರಗಳಿಗೆ ಬಂದರು. ಕರಾವಳಿಯಲ್ಲಿ ಇದಕ್ಕೆ ಬಲವಾದ ಆಕ್ಷೇಪ ಕೇಳಿಬಂತು. ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಕೋರಬೇಕಾಯಿತು.

ಈ ಭೇದವನ್ನು ಒಪ್ಪಿಕೊಂಡ ಮೇಲೆ ಕಸುಬಿನ ಒಂದು ಮಾತು ಹೇಳಬಹುದು. ಮೊದಲ ಚಿತ್ರದ ಕೊನೆಯ ದೃಶ್ಯಗಳಲ್ಲಿ ನಟನ ಮುಖವನ್ನು ಕಂಪ್ಯೂಟರಿನಿಂದ ಹಂದಿಯ ಮುಖವನ್ನಾಗಿ ಮಾಡಿಲ್ಲ. ಬಣ್ಣ, ಮೈಯ ಕಂಪನ, ಕಣ್ಣು, ಗಂಟಲಿನಾಳದಿಂದ ಬರುವ ಕೂಗು ಇವಿಷ್ಟೇ. ಜಪಾನಿನ ತಜ್ಞ ಎಚ್ಚರಿಸಿದ ಕಣಿವೆಗೆ ಚಿತ್ರ ಬೀಳಲಿಲ್ಲ. ತುಳು ಅರಿಯದವರೂ ದೇಶದೆಲ್ಲೆಡೆ ಆ ಕೂಗಿಗೆ ಬೆಚ್ಚಿದರು. 2022ರ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ರಿಷಬ್ ಅವರಿಗೆ ಬಂತು.

ಇತ್ತ ರಂಗಸ್ಥಳವೂ ನಿಂತಲ್ಲೇ ನಿಂತಿಲ್ಲ. ದೊಂದಿ ಹೋಗಿ ಗ್ಯಾಸ್‌ಲೈಟ್ ಬಂತು, ಆಮೇಲೆ ಟ್ಯೂಬ್‌ಲೈಟ್, ಈಗ ಕಣ್ಣು ಕೋರೈಸುವ ಬಿಳಿಯ ಎಲ್‌ಇಡಿ. ಬಿಳಿ ಬೆಳಕಿನಲ್ಲಿ ಕೆಂಡದ ಮುಖ ಕೆಂಪು ಬಣ್ಣ ಬಳಿದ ಮುಖವಾಗಿ ಉಳಿಯುತ್ತದೆ. ಅದರ ಮೇಲೆ ಮುಂದಿನ ಸಾಲಿನಲ್ಲಿ ಹತ್ತಾರು ಮೊಬೈಲುಗಳು ರಕ್ಕಸನ ಕ್ಲೋಸಪ್ ಹಿಡಿಯುತ್ತಿರುತ್ತವೆ. ಗಂಟೆಗಟ್ಟಲೆ ಇಟ್ಟ ಚಿಟ್ಟಿಯನ್ನು ಅರ್ಧ ನಿಮಿಷದ ವಿಡಿಯೋ ನುಂಗುತ್ತದೆ. ಇಷ್ಟು ತಾಳ್ಮೆಯ ಕೆಲಸಕ್ಕೆ ಎಷ್ಟು ಮಂದಿ ಎಳೆಯರು ಕೂರುತ್ತಾರೆ ಎಂಬ ಚಿಂತೆ ಚೌಕಿಯ ಹಿರಿಯರಿಗಿದೆ. ನಗರದ ಹಲವು ಶಾಲೆಗಳಲ್ಲಿ ಯಕ್ಷಗಾನ ತರಗತಿಗಳು ನಡೆಯುತ್ತಿವೆ ಎಂಬುದು ಸಮಾಧಾನದ ಸಂಗತಿ. ಅಲ್ಲಿ ಮಕ್ಕಳು ಮೊದಲು ಕೇಳುವುದು ಕೃಷ್ಣ, ಅಭಿಮನ್ಯು ವೇಷಗಳನ್ನು. ಅದು ಸಹಜ. ಧೀಂಗಿಣಕ್ಕೆ ಚಪ್ಪಾಳೆ ಬೀಳುತ್ತದಲ್ಲ!

ರಜೆಯಲ್ಲಿ ಮಕ್ಕಳನ್ನು ದೇವಿ ಮಹಾತ್ಮೆ ಆಟಕ್ಕೆ ಕರೆದೊಯ್ಯುವವರು ಮೊದಲ ಸಾಲಿನ ಕುರ್ಚಿಗಾಗಿ ಸಂಜೆಯೇ ಓಡಬೇಕಾಗಿಲ್ಲ. ಇಪ್ಪತ್ತು ಮೀಟರ್ ಹಿಂದೆ, ನಡುವಿನ ದಾರಿಯ ಪಕ್ಕದಲ್ಲಿ ಚಾಪೆ ಹಾಸಿದರೆ ಸಾಕು. ಮಹಿಷಾಸುರ ಬರುವುದು ಆ ಕಡೆಯಿಂದಲೇ.